ಹೈಸ್ಕೂಲಲ್ಲೇ ಎಕ್ಸರ್‌ಸೈಜ್ ಫಿಸಿಯಾಲಜಿ: ಒಂದು ನೋಟ್‌ಬುಕ್, ಒಂದು ವಾಚು, ನಿಮ್ಮದೇ ನಾಡಿ

ಒಂದು ಶನಿವಾರ ಹತ್ತನೇ ಕ್ಲಾಸಿನ ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಸುಲ್ತಾನಪೇಟೆ ಕಡೆಯ ಮೆಟ್ಟಿಲಲ್ಲಿ ನಂದಿ ಬೆಟ್ಟ ಹತ್ತಿದ್ದೆ. ಹತ್ತುವಾಗ ಎಲ್ಲರಿಗೂ ಏದುಸಿರು. ಇಳಿಯುವಾಗ ಹಾಡು, ಕೇಕೆ, ಓಟ. ಸೋಮವಾರ ಬೆಳಿಗ್ಗೆ ನೋಡಿದರೆ ಒಬ್ಬ ಹುಡುಗಿ ಶಾಲೆಯ ಮೂರು ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿದುಕೊಂಡಿದ್ದಾಳೆ.

‘ಸಾರ್, ಹತ್ತುವಾಗ ಕಷ್ಟ ಆಯ್ತು, ಸರಿ. ಇಳಿಯೋದು ಸಲೀಸಾಗಿತ್ತಲ್ಲ? ಮತ್ತೆ ಈ ತೊಡೆ ನೋವು ಯಾಕೆ? ಅದೂ ಎರಡು ದಿನ ಬಿಟ್ಟು?’

ನನ್ನ ಬಾಯಿಗೆ ತಟ್ಟನೆ ಬಂದ ಉತ್ತರ: ಲ್ಯಾಕ್ಟಿಕ್ ಆಮ್ಲ. ಅದು ತಪ್ಪು ಉತ್ತರ. ಯಾಕೆ ತಪ್ಪು ಅಂತ ಆಮೇಲೆ ಹೇಳುತ್ತೇನೆ. ಆವತ್ತಿನಿಂದ ನಮ್ಮ ಶಾಲೆಯಲ್ಲಿ ಒಂದು ಅಭ್ಯಾಸ ಶುರುವಾಯಿತು. ಓಡಿದಾಗ, ಹತ್ತಿದಾಗ, ಆಡಿದಾಗ ಮೈಯೊಳಗೆ ಏನಾಗುತ್ತದೆ ಅನ್ನೋದನ್ನು ಬಾಯಿಪಾಠ ಮಾಡದೆ ಅಳೆದು ನೋಡೋದು. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ನಮ್ಮಲ್ಲಿ ದೊಡ್ಡ ಲ್ಯಾಬ್ ಇಲ್ಲ. ಈ ವಿಷಯಕ್ಕೆ ಅದು ಬೇಕಾಗೂ ಇಲ್ಲ.

ಈ ವಿಷಯ ಪುಸ್ತಕದಲ್ಲಿ ಎಲ್ಲಿದೆ?

ನಮ್ಮ ಹೈಸ್ಕೂಲಲ್ಲಿ ಈ ಹೆಸರಿನ ಪ್ರತ್ಯೇಕ ಪುಸ್ತಕ ಇಲ್ಲ. ಆದರೆ ವಿಷಯ ಚೂರು ಚೂರಾಗಿ ಎಲ್ಲಾ ಕಡೆ ಇದೆ. ಹತ್ತನೇ ಕ್ಲಾಸಿನ ‘ಜೀವಕ್ರಿಯೆಗಳು’ ಪಾಠದಲ್ಲಿ ಉಸಿರಾಟ, ಹೃದಯ, ರಕ್ತ ಇವೆ. ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠದಲ್ಲಿ ನರ ಮತ್ತು ಅಡ್ರಿನಲಿನ್ ಇವೆ. ಒಂಬತ್ತರ ಅಂಗಾಂಶಗಳ ಪಾಠದಲ್ಲಿ ಸ್ನಾಯು ಇದೆ. ಒಂಬತ್ತರ ಭೌತಶಾಸ್ತ್ರದಲ್ಲಿ ಕೆಲಸ, ಶಕ್ತಿ, ಸಾಮರ್ಥ್ಯ ಇವೆ. ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದರೆ ಅದೇ ಎಕ್ಸರ್‌ಸೈಜ್ ಫಿಸಿಯಾಲಜಿ. ಪಿಯುಸಿಯಲ್ಲಿ ಇದೇ ಪಾಠಗಳು ದಪ್ಪ ಆಗಿ ಮತ್ತೆ ಬರುತ್ತವೆ.

ಸಾಮಾನು ಮತ್ತು ಒಂದೆರಡು ಕಟ್ಟುನಿಟ್ಟು

ಇನ್ನೂರು ಪುಟದ ನೋಟ್‌ಬುಕ್, ಸೆಕೆಂಡ್ ತೋರಿಸುವ ವಾಚು ಅಥವಾ ಫೋನು, ಅಳತೆ ಟೇಪು, ಒಂದು ಬೆಂಚು, ಸ್ವಲ್ಪ ಸುಣ್ಣ, ತೂಕದ ಮಷೀನು. ಮಷೀನು ಶಾಲೆಯಲ್ಲಿ ಇಲ್ಲದಿದ್ದರೆ ಊರಿನ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಅಷ್ಟೇ.

ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ಬರುವ ಅಭ್ಯಾಸ ಇದ್ದವರು ಡಾಕ್ಟರನ್ನು ಕೇಳದೆ ಓಡುವ ಪ್ರಯೋಗ ಮಾಡಬಾರದು. ಅವರು ಅಳೆಯುವ ಕೆಲಸ ಮಾಡಲಿ, ಅದಕ್ಕೆ ಜಾಸ್ತಿ ಬುದ್ಧಿ ಬೇಕು. ಜ್ವರ ಇದ್ದ ದಿನ ಯಾರೂ ಬೇಡ. ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಂತೂ ಬೇಡವೇ ಬೇಡ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ದೊಡ್ಡವರಿಗೆ ಹೇಳಬೇಕು. ಪಿಟಿ ಮೇಷ್ಟ್ರೋ ವಿಜ್ಞಾನದ ಟೀಚರೋ ಪಕ್ಕದಲ್ಲಿ ಇರಲೇಬೇಕು.

ಮೊದಲ ಹೆಜ್ಜೆ: ನಾಡಿ ಹಿಡಿಯೋದು

ಸುಲಭ ಅನ್ನಿಸುತ್ತದೆ. ಆದರೆ ಮೊದಲ ವಾರ ಎಲ್ಲರೂ ತಪ್ಪು ಮಾಡುವುದು ಇಲ್ಲೇ.

ಎಡಗೈಯನ್ನು ಅಂಗೈ ಮೇಲಾಗಿ ಇಟ್ಟುಕೊಳ್ಳಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಬನ್ನಿ. ಅಲ್ಲಿ ಮೂಳೆಗೂ ಗಟ್ಟಿ ನರದಂಥ ದಾರಕ್ಕೂ ಮಧ್ಯೆ ಒಂದು ಸಣ್ಣ ಹಳ್ಳ ಸಿಗುತ್ತದೆ. ಬಲಗೈಯ ಎರಡು ಬೆರಳನ್ನು, ಅಂದರೆ ತೋರುಬೆರಳು ಮತ್ತು ಮಧ್ಯದ ಬೆರಳನ್ನು, ಅಲ್ಲಿ ಮೆತ್ತಗೆ ಇಡಿ. ಒತ್ತಿದರೆ ನಾಡಿ ಮಾಯವಾಗುತ್ತದೆ. ಹೆಬ್ಬೆರಳಲ್ಲಿ ಹಿಡಿಯಬೇಡಿ, ಅದಕ್ಕೆ ಅದರದೇ ಬಡಿತ ಇದೆ. ನಮ್ಮ ಮೊದಲ ವಾರದ ಲೆಕ್ಕವನ್ನೆಲ್ಲ ಹರಿದು ಹಾಕಿದ್ದು ಈ ಹೆಬ್ಬೆರಳಿನಿಂದಲೇ. ಕುತ್ತಿಗೆಯಲ್ಲಿ ನೋಡುವುದಾದರೆ ಒಂದೇ ಕಡೆ ನೋಡಿ, ಎರಡೂ ಕಡೆ ಒಟ್ಟಿಗೆ ಒತ್ತಬೇಡಿ.

ಮೊದಲು ವಿಶ್ರಾಂತಿ ನಾಡಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕೂತು ಪೂರ್ತಿ 60 ಸೆಕೆಂಡ್ ಎಣಿಸಿ. ಕಾಫಿ ಟೀ ಆದಮೇಲೆ ಅಲ್ಲ, ಮೊದಲೇ. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ 60ರಿಂದ 100ರೊಳಗೆ ಬರುತ್ತದೆ. ಒಂದು ದಿನದ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಏಳು ದಿನ ಬರೆದು ಸರಾಸರಿ ತೆಗೆಯಿರಿ.

ಓಡಿದ ಮೇಲೆ ಮಾತ್ರ ಪೂರ್ತಿ ನಿಮಿಷ ಎಣಿಸಬೇಡಿ. ನಿಂತ ಕ್ಷಣದಿಂದಲೇ ಬಡಿತ ಇಳಿಯುತ್ತಿರುತ್ತದೆ, ನಿಮಿಷ ಮುಗಿಯುವಷ್ಟರಲ್ಲಿ ನೀವು ಅಳೆಯಬೇಕಾದ್ದೇ ಹೋಗಿರುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ ಅನ್ನೋದನ್ನೂ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಡಿ. ಅಳತೆಯಲ್ಲಿ ಎಷ್ಟು ತಪ್ಪು ನುಸುಳುತ್ತದೆ ಅಂತ ತಿಳಿದುಕೊಳ್ಳೋದೂ ವಿಜ್ಞಾನವೇ ಅಲ್ವಾ?

ಈಗ ಒಂದು ಮಜಾ ನೋಡಿ. ಗೆಳೆಯನನ್ನು ಗೆರೆ ಮೇಲೆ ನಿಲ್ಲಿಸಿ. ‘ಈಗ ನೂರು ಮೀಟರ್ ಓಡಬೇಕು, ಟೈಮ್ ಬರೀತೀನಿ’ ಅನ್ನಿ. ‘ಆನ್ ಯುವರ್ ಮಾರ್ಕ್ಸ್’ ಅಂದು ತಡೆದು ನಾಡಿ ಹಿಡಿಯಿರಿ. ಅವನು ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲ, ಬಡಿತ ಆಗಲೇ ಏರಿದೆ! ನರಗಳು, ಅಡ್ರಿನಲಿನ್ ಸೇರಿ ಓಟಕ್ಕೆ ಮುಂಚೆಯೇ ಹೃದಯವನ್ನು ಎಬ್ಬಿಸಿವೆ. ಆ ಪಾಠವನ್ನು ಮೂರು ಸಲ ಓದಿಸಿದರೂ ತಲೆಗೆ ಹತ್ತದವರಿಗೆ ಇದು ಒಂದೇ ಸಲಕ್ಕೆ ಹತ್ತಿತು.

ಗರಿಷ್ಠ ನಾಡಿಗೆ ‘220ರಲ್ಲಿ ವಯಸ್ಸು ಕಳೆಯಿರಿ’ ಅನ್ನೋ ಸೂತ್ರ ಎಲ್ಲರ ಬಾಯಲ್ಲೂ ಇದೆ. 15 ವರ್ಷದವರಿಗೆ ಅದರಲ್ಲಿ 205 ಬರುತ್ತದೆ. ನಿಮ್ಮ ವಯಸ್ಸಿಗೆ ಅದು ಸ್ವಲ್ಪ ಜಾಸ್ತಿ. 208ರಲ್ಲಿ ವಯಸ್ಸಿನ 0.7 ಪಟ್ಟನ್ನು ಕಳೆಯುವ ಇನ್ನೊಂದು ಸೂತ್ರ 2001ರಲ್ಲಿ ಬಂತು. ಅದರಲ್ಲಿ 197 ಅಥವಾ 198. ಎರಡೂ ಅಂದಾಜೇ, ಒಬ್ಬೊಬ್ಬರಿಗೂ ಹತ್ತು ಹನ್ನೆರಡು ಬಡಿತ ಆಚೀಚೆ ಇರುತ್ತದೆ.

ಎರಡನೇ ಹೆಜ್ಜೆ: ಬೆಂಚು ಹತ್ತಿ ಇಳಿಯೋದು

ಸುಮಾರು 30 ಸೆಂಟಿಮೀಟರ್ ಎತ್ತರದ, ಅಲುಗಾಡದ ಬೆಂಚೋ ಜಗಲಿಯೋ ಹುಡುಕಿ. ಟೇಪಿನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕೆ 96 ಟಕ್ ಇಡಿ. ಒಂದೊಂದು ಟಕ್ಕಿಗೆ ಒಂದೊಂದು ಕಾಲು: ಮೇಲೆ, ಮೇಲೆ, ಕೆಳಗೆ, ಕೆಳಗೆ. ಹೀಗೆ ನಿಮಿಷಕ್ಕೆ 24 ಸಲ, ಒಟ್ಟು 3 ನಿಮಿಷ. ಮುಗಿದ ಕೂಡಲೇ ಕೂತು ನಾಡಿ ಎಣಿಸಿ: ಮೊದಲ 15 ಸೆಕೆಂಡ್, ಒಂದು ನಿಮಿಷ ಆದಮೇಲೆ 15 ಸೆಕೆಂಡ್, ಎರಡು ನಿಮಿಷಕ್ಕೆ, ಮೂರಕ್ಕೆ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆಯಿರಿ.

ಗೆರೆ ಮೊದಲ ನಿಮಿಷದಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ನಂದಿ ಬೆಟ್ಟದ ಒಂದು ಮಗ್ಗುಲ ಹಾಗೆ. ಓಟ ನಿಂತ ತಕ್ಷಣ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಬ್ರೇಕ್ ಹಾಕುತ್ತದೆ, ಅದು ಕಡಿದಾದ ಭಾಗ. ರಕ್ತದಲ್ಲಿರುವ ಅಡ್ರಿನಲಿನ್ ಕರಗೋಕೆ, ಮೈ ತಣಿಯೋಕೆ ಹೊತ್ತು ಹಿಡಿಯುತ್ತದೆ, ಅದು ನಿಧಾನದ ಭಾಗ. ದಿನಾ ಓಡುವವರ ಗೆರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

ಇಂಥ ಪರೀಕ್ಷೆಗಳಿಗೆ ಹಳೆಯ ಕಥೆ ಇದೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1927ರಿಂದ 1947ರವರೆಗೆ ‘ಫಟೀಗ್ ಲ್ಯಾಬೊರೇಟರಿ’ ಅಂತ ಒಂದಿತ್ತು, ಅಂದರೆ ಸುಸ್ತಿನ ಪ್ರಯೋಗಾಲಯ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ರೂಪುಗೊಂಡ ಹಾರ್ವರ್ಡ್ ಸ್ಟೆಪ್ ಟೆಸ್ಟಿನಲ್ಲಿ ಬೆಂಚು 20 ಇಂಚು, ನಿಮಿಷಕ್ಕೆ 30 ಸಲ, 5 ನಿಮಿಷ. ಅದು ದೊಡ್ಡವರಿಗೆ. ನಮ್ಮ ಎಂಟನೇ ಕ್ಲಾಸಿನ ಸಣ್ಣ ಹುಡುಗರಿಗೆ ಆ ಬೆಂಚು ಮಂಡಿ ದಾಟುತ್ತದೆ. ಅದಕ್ಕೇ ಚಿಕ್ಕ ಬೆಂಚು ಹೇಳಿದ್ದು.

ಒಂದು ಎಚ್ಚರಿಕೆ. ಇದನ್ನು ಯಾರು ಫಸ್ಟ್, ಯಾರು ಲಾಸ್ಟ್ ಅನ್ನೋ ಸ್ಪರ್ಧೆ ಮಾಡಬೇಡಿ. ಗಿಡ್ಡಗಿರುವವರಿಗೆ ಅದೇ ಬೆಂಚು ಎತ್ತರ. ನಿಮ್ಮ ಇವತ್ತಿನ ಗೆರೆಯನ್ನು ನಿಮ್ಮದೇ ಮುಂದಿನ ತಿಂಗಳ ಗೆರೆಗೆ ಹೋಲಿಸಿ.

ಜೊತೆಗೆ ಹೃದಯದ ಲೆಕ್ಕ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ, ನಿಮಿಷಕ್ಕೆ 72 ಬಡಿತ. ಗುಣಿಸಿದರೆ 5040, ಅಂದರೆ ಐದು ಲೀಟರ್ ಚಿಲ್ಲರೆ. ಜೋರು ವ್ಯಾಯಾಮದಲ್ಲಿ ಆರೋಗ್ಯವಂತ ದೊಡ್ಡವರಲ್ಲಿ ಇದು ನಿಮಿಷಕ್ಕೆ 20 ಲೀಟರ್ ಮುಟ್ಟುತ್ತದೆ. ಊರಿನ ಫಿಲ್ಟರ್ ನೀರಿನ ಘಟಕದಿಂದ ಸೈಕಲ್ ಮೇಲೆ ತರುತ್ತೀರಲ್ಲ, ಆ 20 ಲೀಟರ್ ಕ್ಯಾನು? ಮುಷ್ಟಿ ಗಾತ್ರದ ಹೃದಯ ಅದನ್ನು ಒಂದೇ ನಿಮಿಷದಲ್ಲಿ ಖಾಲಿ ಮಾಡುತ್ತದೆ.

ಮೂರನೇ ಹೆಜ್ಜೆ: ಸುಣ್ಣದ ತಿಳಿನೀರು

ಅಜ್ಜಿಯ ಎಲೆ ಅಡಿಕೆ ಡಬ್ಬಿಯ ಸುಣ್ಣ ಸಾಕು. ಚೂರು ಸುಣ್ಣವನ್ನು ನೀರಲ್ಲಿ ಕಲಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಎರಡು ಲೋಟದಲ್ಲಿ ಸಮ ಸಮ ಹಾಕಿ. ಸುಮ್ನೆ ಕೂತಿದ್ದಾಗ ಸ್ಟ್ರಾದಿಂದ ಮೊದಲ ಲೋಟಕ್ಕೆ ಊದಿ, ಹಾಲಿನ ಹಾಗಾಗಲು ಎಷ್ಟು ಸೆಕೆಂಡ್ ಬೇಕು ಬರೆಯಿರಿ. ಎರಡು ನಿಮಿಷ ಓಡಿ ಬಂದು ಎರಡನೆಯದಕ್ಕೆ ಊದಿ. ಊದಬೇಕು, ಹೀರಬಾರದು. ಸುಣ್ಣದ ನೀರು ಬಾಯಿ ಸುಡುತ್ತದೆ. ಕಣ್ಣಿಗೆ ಸಿಡಿದರೆ ಕೂಡಲೇ ತಣ್ಣೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ.

ಎರಡನೆಯದು ಬೇಗ ಬೆಳ್ಳಗಾಗುತ್ತದೆ. ‘ಓಡಿದ ಮೇಲೆ ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ’ ಅಂತ ಬರೆಯೋಕೆ ಕೈ ಓಡುತ್ತದೆ. ತಾಳಿ. ಒಂದೊಂದು ಉಸಿರಿನಲ್ಲಿ ಅದರ ಶೇಕಡಾ ಪಾಲು ಅಷ್ಟೇನೂ ಬದಲಾಗುವುದಿಲ್ಲ, ನಾಲ್ಕೈದರ ಆಸುಪಾಸಿನಲ್ಲೇ ಇರುತ್ತದೆ. ಬದಲಾಗುವುದು ಉಸಿರಿನ ಒಟ್ಟು ಗಾತ್ರ. ಸುಮ್ಮನಿದ್ದಾಗ ಒಂದು ಉಸಿರಿಗೆ ಅರ್ಧ ಲೀಟರ್, ನಿಮಿಷಕ್ಕೆ 12ರಿಂದ 16 ಉಸಿರು, ಒಟ್ಟು 6ರಿಂದ 8 ಲೀಟರ್. ಜೋರು ಓಟದಲ್ಲಿ ಅದು ಹತ್ತು ಪಟ್ಟಿಗೂ ಮೀರಬಹುದು. ಹಾಗಾಗಿ ಒಂದು ಸೆಕೆಂಡಿಗೆ ಲೋಟದೊಳಗೆ ಹೋಗುವ ಗಾಳಿ ಜಾಸ್ತಿ, ಕೆಲಸ ಬೇಗ.

ಊದುತ್ತಲೇ ಇದ್ದರೆ ಬಿಳಿ ಮತ್ತೆ ಮಾಯವಾಗಿ ನೀರು ತಿಳಿಯಾಗುತ್ತದೆ. ಯಾಕೆ ಅಂತ ರಸಾಯನಶಾಸ್ತ್ರದ ಟೀಚರನ್ನು ಕೇಳಿ, ಅವರಿಗೂ ಖುಷಿಯಾಗುತ್ತದೆ.

ನಾಲ್ಕನೇ ಹೆಜ್ಜೆ: ಕಬಡ್ಡಿ ಕೋರ್ಟಿನಲ್ಲಿ ಎಟಿಪಿ

ಸ್ನಾಯು ಖರ್ಚು ಮಾಡುವ ಚಿಲ್ಲರೆ ಕಾಸು ಎಟಿಪಿ. ಜೇಬಿನಲ್ಲಿ ಅದು ಕೆಲವೇ ಸೆಕೆಂಡಿಗೆ ಆಗುವಷ್ಟು ಇರುತ್ತದೆ. ಆದ್ದರಿಂದ ಖರ್ಚಾದಂತೆ ತುಂಬಿಸುತ್ತಲೇ ಇರಬೇಕು. ತುಂಬಿಸುವ ದಾರಿ ಮೂರು.

ಒಂದು, ಸ್ನಾಯುವಿನಲ್ಲೇ ಇರುವ ಕ್ರಿಯೇಟಿನ್ ಫಾಸ್ಫೇಟ್. ತಕ್ಷಣ ಸಿಗುತ್ತದೆ, ಆದರೆ ಪೂರ್ತಿ ಜೋರಿನಲ್ಲಿ ಹತ್ತು ಸೆಕೆಂಡಿನ ಹೊತ್ತಿಗೆ ತಳ ಕಾಣುತ್ತದೆ. ಎರಡು, ಆಮ್ಲಜನಕ ಇಲ್ಲದೆಯೇ ಗ್ಲೂಕೋಸನ್ನು ಒಡೆಯೋದು. ಬೇಗ ಸಿಗುತ್ತದೆ, ಲಾಭ ಕಡಿಮೆ. ಮೂರು, ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಬಳಸಿ ಪೂರ್ತಿ ಉರಿಸೋದು. ನಿಧಾನ, ಆದರೆ ಗಂಟೆಗಟ್ಟಲೆ ನಡೆಯುತ್ತದೆ.

ಇಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು ಏನೆಂದರೆ ಇದನ್ನು ರಿಲೇ ಓಟದ ಹಾಗೆ ಕಲ್ಪಿಸಿಕೊಳ್ಳೋದು: ಒಬ್ಬ ಮುಗಿಸಿ ಇನ್ನೊಬ್ಬನ ಕೈಗೆ ಕೋಲು ಕೊಟ್ಟ ಹಾಗೆ. ಹಾಗಲ್ಲ. ಮೂರೂ ಮೊದಲ ಹೆಜ್ಜೆಯಿಂದಲೇ ಶುರು. ಯಾರ ಪಾಲು ಎಷ್ಟು ಅನ್ನೋದು ಮಾತ್ರ ಬದಲಾಗುತ್ತಾ ಹೋಗುತ್ತದೆ. ಪೂರ್ತಿ ಜೋರಿನ ಓಟದಲ್ಲಿ ಒಂದೂಕಾಲು ನಿಮಿಷದ ಆಸುಪಾಸಿನಲ್ಲಿ ಆಮ್ಲಜನಕದ ದಾರಿಯದೇ ಮೇಲುಗೈ ಆಗುತ್ತದೆ. ತಾಲ್ಲೂಕು ಕ್ರೀಡಾಕೂಟದ 800 ಮೀಟರ್ ಓಟ ಅರ್ಧಕ್ಕಿಂತ ಜಾಸ್ತಿ ಆಮ್ಲಜನಕದ ಮೇಲೇ ನಡೆಯುವುದು.

ಕಬಡ್ಡಿ ಇದಕ್ಕೆ ಹೇಳಿ ಮಾಡಿಸಿದ ಆಟ. ಒಂದು ರೈಡಿಗೆ 30 ಸೆಕೆಂಡ್. ರೈಡರ್ ಮೊದಲು ಸುಮ್ನೆ ಗೆರೆ ಮೇಲೆ ಆಡುತ್ತಾನೆ, ಆಮೇಲೆ ಎರಡು ಮೂರು ಸೆಕೆಂಡ್ ಮಿಂಚಿನ ಹಾಗೆ ನುಗ್ಗುತ್ತಾನೆ. ಆ ನುಗ್ಗು ಕ್ರಿಯೇಟಿನ್ ಫಾಸ್ಫೇಟಿನದು. ಹಿಡಿದವರನ್ನು ಎಳೆದುಕೊಂಡು ಗೆರೆ ಮುಟ್ಟುವ ಜಗ್ಗಾಟಕ್ಕೆ ಎರಡನೇ ದಾರಿಯೂ ಕೈ ಹಾಕುತ್ತದೆ. ವಾಪಸ್ ಬಂದು ಸೊಂಟಕ್ಕೆ ಕೈ ಇಟ್ಟು ಉಸಿರು ಬಿಡುತ್ತಾನಲ್ಲ, ಆಗ ಮೂರನೆಯದು ಖಾಲಿ ಜೇಬು ತುಂಬಿಸುತ್ತಿದೆ. ಅರ್ಧ ತುಂಬಲು ಸುಮಾರು 30 ಸೆಕೆಂಡ್, ಹೆಚ್ಚುಕಡಿಮೆ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ. ಒಬ್ಬನನ್ನೇ ಬೆನ್ನು ಬೆನ್ನಿಗೆ ಮೂರು ರೈಡಿಗೆ ಕಳಿಸಿದರೆ ಮೂರನೆಯದರಲ್ಲಿ ಸಿಕ್ಕಿಬೀಳುವುದು ಯಾಕೆ ಅಂತ ಈಗ ನೀವೇ ಬರೆಯಬಹುದು. ಸ್ಟಾಪ್‌ವಾಚ್ ಹಿಡಿದು ಒಂದು ಮ್ಯಾಚು ಪೂರ್ತಿ ಒಬ್ಬನೇ ಆಟಗಾರನನ್ನು ನೋಡಿ: ಎಷ್ಟು ಸೆಕೆಂಡ್ ಜೋರು, ಎಷ್ಟು ಸೆಕೆಂಡ್ ವಿರಾಮ. ಎರಡು ಕಾಲಂ ಸಾಕು, ಒಳ್ಳೇ ಪ್ರಾಜೆಕ್ಟ್ ಆಗುತ್ತದೆ.

ಐದನೇ ಹೆಜ್ಜೆ: ನಿಮ್ಮ ಕಾಲು ಎಷ್ಟು ಎಚ್‌ಪಿ?

ಶಾಲೆಯ ಮಹಡಿ ಮೆಟ್ಟಿಲು ಎಣಿಸಿ. ಒಂದರ ಎತ್ತರ ಅಳೆಯಿರಿ. 20 ಮೆಟ್ಟಿಲು, ಒಂದೊಂದು 16 ಸೆಂಟಿಮೀಟರ್ ಅಂದುಕೊಳ್ಳಿ, ಒಟ್ಟು 3.2 ಮೀಟರ್. ನಿಮ್ಮ ತೂಕ 50 ಕಿಲೋ. 50 × 9.8 × 3.2 = 1568 ಜೂಲ್. ಅದನ್ನು 4 ಸೆಕೆಂಡಿನಲ್ಲಿ ಹತ್ತಿದರೆ 392 ವ್ಯಾಟ್. 746 ವ್ಯಾಟಿಗೆ ಒಂದು ಎಚ್‌ಪಿ, ಅಂದರೆ ನೀವು ಅರ್ಧ ಎಚ್‌ಪಿಗೆ ಸ್ವಲ್ಪ ಮೇಲೆ. ನಮ್ಮ ಹುಡುಗನೊಬ್ಬ ಇದನ್ನು ಕೇಳಿ, ‘ಸಾರ್, ನಮ್ಮ ಬೋರ್‌ವೆಲ್ ಮೋಟರ್ ಹತ್ತು ಎಚ್‌ಪಿ. ನಮ್ಮಂಥೋರು ಇಪ್ಪತ್ತು ಜನ ಸಾಕು’ ಅಂದ. ನಾಲ್ಕು ಸೆಕೆಂಡಿಗಾದರೆ ಸಾಕಪ್ಪ, ಆಮೇಲೆ ಗೊತ್ತಾಗುತ್ತದೆ! ಇಳಿಯುವಾಗ ಓಡಬೇಡಿ, ಕಾಲು ಮುರಿಯುವುದು ಅಲ್ಲೇ.

ಇದೇ ಲೆಕ್ಕವನ್ನು ಬೆಟ್ಟಕ್ಕೂ ಹಾಕಬಹುದು. ನಂದಿಯ ತುದಿ ಸಮುದ್ರ ಮಟ್ಟದಿಂದ 1478 ಮೀಟರ್. ಚಿಕ್ಕಬಳ್ಳಾಪುರ ಊರು 900 ಮೀಟರಿಗೂ ಸ್ವಲ್ಪ ಮೇಲಿದೆ. ಊರಿನಿಂದ ಹೊರಟರೆ 560 ಮೀಟರಿನಷ್ಟು ಏರಿಕೆ ಅಂದುಕೊಳ್ಳಿ. 50 ಕಿಲೋ ಮೈಯನ್ನು ಅಷ್ಟು ಎತ್ತಲು ಬೇಕಾದ ಕೆಲಸ ಬರೀ 65 ಕಿಲೋಕ್ಯಾಲೊರಿ. ಆದರೆ ಸ್ನಾಯು ಉರಿಸಿದ್ದರಲ್ಲಿ ಕೆಲಸವಾಗುವುದು ನೂರಕ್ಕೆ 20ರಿಂದ 25 ಮಾತ್ರ, ಉಳಿದದ್ದು ಬಿಸಿ. ಹಾಗಾಗಿ ಖರ್ಚು ಹತ್ತಿರ ಹತ್ತಿರ 300. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 320. ಒಂದು ಒಳ್ಳೇ ಮುದ್ದೆ, ಒಂದು ನಂದಿ ಬೆಟ್ಟ. ಲೆಕ್ಕ ಸರಿಹೋಯಿತು ನೋಡಿ.

ಮೇಲೆ ಹೋದಾಗ ಏದುಸಿರು ಬರುವುದಕ್ಕೆ ‘ಅಲ್ಲಿ ಆಕ್ಸಿಜನ್ ಕಡಿಮೆ’ ಅನ್ನೋರು ಬಹಳ ಜನ. 1478 ಮೀಟರಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕಾರಿನಲ್ಲಿ ಹೋದವರು ಆರಾಮಾಗಿ ಬೋಂಡ ತಿನ್ನುತ್ತಿರುತ್ತಾರಲ್ಲ? ಏದುಸಿರು ಮೆಟ್ಟಿಲಿನದು.

ಲ್ಯಾಕ್ಟಿಕ್ ಆಮ್ಲದ ವಿಷಯ

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ಪುಸ್ತಕದಲ್ಲಿ ಹೀಗಿದೆ: ಆಮ್ಲಜನಕದ ಕೊರತೆಯಾದಾಗ ಸ್ನಾಯುಕೋಶದಲ್ಲಿ ಪೈರುವೇಟ್ (ಗ್ಲೂಕೋಸ್ ಒಡೆದಾಗ ಸಿಗುವ ವಸ್ತು) ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಅದು ಶೇಖರವಾಗಿ ಸ್ನಾಯು ಸೆಳೆತ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಆದರೆ ಇದು ನೂರು ವರ್ಷ ಹಳೆಯ ತಿಳುವಳಿಕೆ ಅನ್ನೋದೂ ಗೊತ್ತಿರಲಿ. ಎ. ವಿ. ಹಿಲ್ ಮತ್ತು ಒಟ್ಟೊ ಮೇಯರ್‌ಹೋಫ್ ಕಪ್ಪೆಯ ಸ್ನಾಯುಗಳ ಮೇಲೆ ಕೆಲಸ ಮಾಡಿ 1922ರ ನೊಬೆಲ್ ಹಂಚಿಕೊಂಡರು. ಸ್ನಾಯು ದಣಿದಾಗ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ ಅನ್ನೋದು ಆ ಕಾಲದ ಪ್ರಯೋಗಗಳಿಂದ ಗಟ್ಟಿಯಾಯಿತು. ದಣಿವಿನ ಜಾಗದಲ್ಲಿ ಸಿಕ್ಕಿತು ಅಂತ ದಣಿವಿಗೆ, ನೋವಿಗೆ, ಸೆಳೆತಕ್ಕೆ ಎಲ್ಲದಕ್ಕೂ ಅದನ್ನೇ ಕಳ್ಳ ಮಾಡಿಬಿಟ್ಟರು.

ಈಗ ಗೊತ್ತಿರುವುದು ಬೇರೆ. ಲ್ಯಾಕ್ಟೇಟ್, ಅಂದರೆ ಮೈಯೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ, ಕಸ ಅಲ್ಲ, ಇಂಧನ. ಹೃದಯದ ಸ್ನಾಯು ಅದನ್ನು ಉರಿಸುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಈ ಸುತ್ತಿಗೆ ಕೋರಿ ಚಕ್ರ ಅಂತಲೇ ಹೆಸರು. ಓಟ ನಿಂತು ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಶನಿವಾರದ ಲ್ಯಾಕ್ಟೇಟ್ ಸೋಮವಾರ ನೋಯಿಸೋಕೆ ಅಲ್ಲಿ ಇದ್ದರೆ ತಾನೆ?

ಹಾಗಾದರೆ ನೋವು ಎಲ್ಲಿಯದು? ಇಳಿದದ್ದರದು. ಮೆಟ್ಟಿಲ ಮುಂದೆ ನಿಂತು ನೀವೇ ನೋಡಿ. ತೊಡೆಯ ಮುಂಭಾಗಕ್ಕೆ ಅಂಗೈ ಒತ್ತಿಟ್ಟು ಒಂದು ಮೆಟ್ಟಿಲು ನಿಧಾನವಾಗಿ ಇಳಿಯಿರಿ. ಮಂಡಿ ಮಡಚುತ್ತಿದೆ, ಅಂದರೆ ಆ ಸ್ನಾಯು ಉದ್ದವಾಗುತ್ತಿದೆ. ಆದರೂ ಕೈಗೆ ಅದು ಕಲ್ಲಿನಂತೆ ಗಟ್ಟಿಯಾಗಿ ತಾಗುತ್ತದೆ. ಉದ್ದವಾಗುತ್ತಲೇ ಜಗ್ಗಿ ಹಿಡಿದಿದೆ, ಎತ್ತಿನ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಹಾಕಿಕೊಂಡು ಇಳಿದ ಹಾಗೆ. ಇದಕ್ಕೆ ಎಕ್ಸೆಂಟ್ರಿಕ್ ಸಂಕೋಚನ ಅನ್ನುತ್ತಾರೆ. ಅಭ್ಯಾಸ ಇಲ್ಲದವರಲ್ಲಿ ಇದರಿಂದ ಸ್ನಾಯು ಎಳೆಗಳ ಒಳಗೆ ಬಲು ಸಣ್ಣ ಸೀಳುಗಳು ಆಗುತ್ತವೆ. ಅವನ್ನು ರಿಪೇರಿ ಮಾಡುವಾಗಿನ ಊತ, ನರಗಳ ಸೂಕ್ಷ್ಮತೆ ಸೇರಿ 24ರಿಂದ 72 ಗಂಟೆಯ ಮಧ್ಯೆ ನೋವು ಏರುತ್ತದೆ. ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ತೊಡೆಗೆ ಕಷ್ಟ.

ಆಟದ ಮಧ್ಯೆ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಅದು ಇನ್ನೊಂದೇ ವಿಷಯ. ದಣಿದ ಸ್ನಾಯುವಿಗೆ ನರ ಬಿಡದೆ ಸಂದೇಶ ಕಳಿಸುವುದು ಒಂದು ಕಾರಣ ಅನ್ನುತ್ತಾರೆ, ಬೆವರಲ್ಲಿ ಉಪ್ಪು ಹೋಗುವುದು ಇನ್ನೊಂದು ಅನ್ನುತ್ತಾರೆ, ಚರ್ಚೆ ಮುಗಿದಿಲ್ಲ. ಉಪಾಯ ಮಾತ್ರ ಹಳೆಯದೇ: ಕಾಲು ನೀಡಿ ಪಾದದ ಬೆರಳನ್ನು ಮೈ ಕಡೆಗೆ ಎಳೆದು ಹಿಡಿಯೋದು.

ಪುಸ್ತಕದಲ್ಲಿ ಇರುವುದನ್ನೂ ಪ್ರಶ್ನೆ ಮಾಡಬಹುದಾ ಅಂತ ಮಕ್ಕಳಿಗೆ ಅಳುಕು. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ವಿಚಾರವಾದಿ ಮೇಷ್ಟ್ರು ಎಚ್. ನರಸಿಂಹಯ್ಯನವರು ಜೀವನವಿಡೀ ಮಾಡಿದ್ದು, ಮಾಡಿ ಅಂದದ್ದು ಅದನ್ನೇ ಅಲ್ವಾ?

ಬೆವರು, ನೀರು, ಮತ್ತು ನಾನು ಬಿದ್ದದ್ದು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕ್ರೀಡಾಕೂಟದಲ್ಲಿ 1500 ಮೀಟರ್ ಓಡಿದ್ದೆ. ಯಾವ ಶಾಲೆ, ಯಾರು ಓಡಿಸಿದ್ದು ಅಂತ ಬೇಡ. ಸಮಯ ಮಧ್ಯಾಹ್ನ ಹನ್ನೆರಡೂವರೆ. ‘ಓಡೋ ಮುಂಚೆ ನೀರು ಕುಡಿದ್ರೆ ಹೊಟ್ಟೆ ಹಿಡ್ಕೊಳ್ಳುತ್ತೆ’ ಅಂತ ಬೆಳಿಗ್ಗೆಯಿಂದ ನೀರು ಕೊಟ್ಟಿರಲಿಲ್ಲ. ಗೆರೆ ದಾಟಿದೆ, ಹೆಸರು ಬರೆಯುವವರ ಮೇಜಿನ ಮುಂದೆ ‘ಅಲುಗಾಡದೆ ಸಾಲಾಗಿ ನಿಲ್ಲಿ’ ಅಂದರು. ನಿಂತೆ. ಕಿವಿಯಲ್ಲಿ ಗುಂಯ್ ಅಂತ ಸದ್ದಾಯಿತು. ಮೇಜಿನ ಬಟ್ಟೆಯ ಕೆಂಪು ಬಣ್ಣ ನಿಧಾನಕ್ಕೆ ಬೂದಿ ಬಣ್ಣ ಆಯಿತು. ಆಮೇಲೆ ಕಂಡದ್ದು ಆಕಾಶ.

ಇಪ್ಪತ್ತು ವರ್ಷ ಆದಮೇಲೆ ಪಾಠ ಮಾಡುತ್ತಾ ಅರ್ಥವಾಯಿತು. ಓಡುವಾಗ ಕಾಲಿನ ರಕ್ತನಾಳಗಳು ಪೂರ್ತಿ ಹಿಗ್ಗಿರುತ್ತವೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಹಿಂಡಾಟ, ಜೊತೆಗೆ ಅಭಿಧಮನಿಯ ಕವಾಟಗಳು. ತಟಸ್ಥವಾಗಿ ನಿಂತರೆ ಆ ಪಂಪು ಬಂದ್. ರಕ್ತ ಕಾಲಲ್ಲೇ ಉಳಿಯುತ್ತದೆ, ಹೃದಯಕ್ಕೆ ಬರುವುದು ಕಮ್ಮಿ, ಮಿದುಳಿಗೆ ಹೋಗುವುದು ಕಮ್ಮಿ. ನೀರು ಕುಡಿಯದೆ ಬೆವರಿದ್ದರಿಂದ ರಕ್ತದ ಗಾತ್ರವೂ ಇಳಿದಿತ್ತು. ಅದಕ್ಕೇ ಓಟ ಮುಗಿದ ಮೇಲೆ ಐದು ನಿಮಿಷ ನಡೆಯಬೇಕು. ಯಾರಾದರೂ ಹೀಗೆ ಬಿದ್ದರೆ ಎತ್ತಿ ನಿಲ್ಲಿಸಬೇಡಿ, ಮಲಗಿಸಿ ಕಾಲು ಮೇಲೆತ್ತಿ. ಬೇಗ ಎಚ್ಚರ ಆಗದಿದ್ದರೆ, ಮೈ ಕಾದು ಮಾತು ತಡವರಿಸಿದರೆ ನೆರಳಿಗೆ ಎಳೆದು ತಣ್ಣೀರು ಸುರಿದು ಆಸ್ಪತ್ರೆಗೆ ಓಡಬೇಕು.

ಬೆವರು ಅಳೆಯೋದು ಹೀಗೆ. ಅಭ್ಯಾಸದ ಮುಂಚೆ ತೂಕ, ಮುಗಿದ ಮೇಲೆ ಬೆವರು ಒರೆಸಿಕೊಂಡು ತೂಕ. ಮುಂಚೆ 46.2, ಆಮೇಲೆ 45.6, ನಡುವೆ ಕುಡಿದ ನೀರು 300 ಮಿಲಿಲೀಟರ್. ಇಳಿದ 600 ಗ್ರಾಮಿಗೆ 300 ಸೇರಿಸಿ. ಬೆವರು 900 ಮಿಲಿಲೀಟರ್. ‘ಒಂದು ಗಂಟೇಲಿ ಅರ್ಧ ಕೆಜಿ ಸಣ್ಣ ಆದೆ’ ಅಂತ ಕುಣಿಯಬೇಡಿ, ಹೋಗಿರುವುದು ನೀರು, ಸಂಜೆಗೆ ವಾಪಸ್ ಬರುತ್ತದೆ. ತೂಕದ ನೂರಕ್ಕೆ ಎರಡರಷ್ಟು ನೀರು ಕಮ್ಮಿಯಾದರೆ ಓಟದಲ್ಲಿ ಅದು ಕಾಣತೊಡಗುತ್ತದೆ.

ನಮ್ಮ ಕಡೆ ಎಳನೀರು ಸಿಗುತ್ತದೆ, ಒಳ್ಳೇದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಉಪ್ಪು ಹಾಕಿದ ಮಜ್ಜಿಗೆ ಇಲ್ಲಿ ಎಳನೀರಿಗಿಂತ ಒಂದು ಕೈ ಮೇಲು.

ರಕ್ತದ ವಿಷಯ, ಮುಖ್ಯವಾಗಿ ಹುಡುಗಿಯರಿಗೆ

ಬೇರೆಲ್ಲ ಸರಿ ಇದ್ದೂ ಬೆಂಚಿನ ಪರೀಕ್ಷೆಯಲ್ಲಿ ನಾಡಿ ತೀರಾ ಏರುತ್ತಿದ್ದರೆ, ಸದಾ ಸುಸ್ತು ಅನ್ನಿಸಿದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಿಮ್ಮ ವಯಸ್ಸಿನ ಹುಡುಗಿಯರಿಗೆ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಮಿಗಿಂತ ಕಮ್ಮಿ ಇದ್ದರೆ ರಕ್ತಹೀನತೆ. ಆಮ್ಲಜನಕ ಹೊರುವ ಗಾಡಿಯೇ ಕಮ್ಮಿ ಇದ್ದರೆ ಹೃದಯ ಜಾಸ್ತಿ ಟ್ರಿಪ್ ಹೊಡೆಯಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಎಸೆಯುವವರು ಇದ್ದಾರೆ, ನಾನೇ ನೋಡಿದ್ದೇನೆ. ಊಟ ಆದಮೇಲೆ ನುಂಗಿ, ಅದರ ಜೊತೆ ಟೀ ಕುಡಿಯಬೇಡಿ. ಸೊಪ್ಪಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಆರನೇ ಹೆಜ್ಜೆ: ಆರು ವಾರದ ಪ್ರಾಜೆಕ್ಟ್

ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಿ. ಉದಾಹರಣೆಗೆ, ವಾರಕ್ಕೆ ನಾಲ್ಕು ದಿನ 25 ನಿಮಿಷ ನಿಧಾನದ ಓಟ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅದೇ ಸರಿಯಾದ ವೇಗ. ಊಟ, ನಿದ್ದೆ, ಓಟ ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲ ವಾರ ಓಟ ಬೇಡ, ಬರೀ ಅಳತೆ. ಆಮೇಲೆ ಪ್ರತಿ ಭಾನುವಾರ ಅದೇ ಹೊತ್ತು, ಅದೇ ಬೆಂಚು, ಅದೇ 96 ಟಕ್. ಓಡದ ಇಬ್ಬರು ಗೆಳೆಯರನ್ನೂ ಹೀಗೇ ಅಳೆಯಿರಿ. ಅವರ ಗೆರೆಯೂ ಇಳಿದಿದ್ದರೆ ಅದು ಅಭ್ಯಾಸದಿಂದ ಬಂದ ಚುರುಕು, ಓಟದ ಫಲ ಅಲ್ಲ. ಮೊದಲ ಒಂದೆರಡು ವಾರದಲ್ಲಿ ರಕ್ತದ ನೀರಿನ ಭಾಗ ಹೆಚ್ಚುತ್ತದೆ, ಒಂದು ಬಡಿತಕ್ಕೆ ಜಾಸ್ತಿ ರಕ್ತ ಹೋಗುತ್ತದೆ. ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ಹೆಚ್ಚಲು ಇನ್ನೂ ಕೆಲವು ವಾರ ಬೇಕು. ನಾಡಿ ಇಳಿಯದಿದ್ದರೂ ಇಳಿಯಲಿಲ್ಲ ಅಂತಲೇ ಬರೆಯಿರಿ. ಸಂಖ್ಯೆ ತಿದ್ದಿ ತಂದವರ ನೋಟ್‌ಬುಕ್ ನನಗೆ ದೂರದಿಂದಲೇ ಗೊತ್ತಾಗುತ್ತದೆ: ಎಲ್ಲಾ ಸಂಖ್ಯೆಯೂ ಸೊನ್ನೆಯಲ್ಲೋ ಐದರಲ್ಲೋ ಮುಗಿದಿರುತ್ತದೆ.

ಹತ್ತಿರದಲ್ಲಿ ಮೆಡಿಕಲ್ ಕಾಲೇಜು ಇದ್ದರೆ, ಕೋಲಾರದ ಟಮಕದಲ್ಲಿ ಇದೆಯಲ್ಲ ಹಾಗೆ, ಮುಖ್ಯೋಪಾಧ್ಯಾಯರಿಂದ ಪತ್ರ ಬರೆಸಿ ಶರೀರಕ್ರಿಯಾಶಾಸ್ತ್ರ ವಿಭಾಗ ತೋರಿಸಿ ಅಂತ ಕೇಳಿ ನೋಡಿ. ನೀವು ಬೆಂಚಿನಲ್ಲಿ ಮಾಡಿದ್ದನ್ನೇ ಎಂಬಿಬಿಎಸ್ ಮೊದಲ ವರ್ಷದವರೂ ಮಾಡುತ್ತಾರೆ.

ಪಿಯುಸಿಗೆ ಹೋಗುವ ಮುಂಚೆ

ಕನ್ನಡ ಮೀಡಿಯಂ ಮಕ್ಕಳು ಪಿಯುಸಿಯಲ್ಲಿ ಎಡವುವುದು ಬುದ್ಧಿಯಿಂದಲ್ಲ, ಪದಗಳಿಂದ. ನೋಟ್‌ಬುಕ್ಕಿನ ಕೊನೇ ಹತ್ತು ಪುಟ ಬಿಟ್ಟು ಎರಡು ಕಾಲಂ ಮಾಡಿ: ಅಪಧಮನಿ ಅಂದರೆ ಆರ್ಟರಿ, ಅಭಿಧಮನಿ ಅಂದರೆ ವೇನ್, ವಪೆ ಅಂದರೆ ಡಯಾಫ್ರಂ. ದಿನಕ್ಕೆ ಎರಡು ಸಾಕು. ಮುಂದೆ ಇದೇ ದಾರಿ ಹಿಡಿಯುವವರಿಗೆ ಫಿಸಿಯೋಥೆರಪಿ ಇದೆ, ಕ್ರೀಡಾ ವಿಜ್ಞಾನದ ಪದವಿ ಇದೆ, ಡಿಗ್ರಿ ಆದಮೇಲೆ ಪಿಟಿ ಮೇಷ್ಟ್ರಾಗಲು ಓದುವ ಬಿಪಿಎಡ್ ಇದೆ. ಮೊದಲೆರಡಕ್ಕೆ ಪಿಯುಸಿಯಲ್ಲಿ ಬಯಾಲಜಿ ಇಟ್ಟುಕೊಳ್ಳಿ.

ಆ ಹುಡುಗಿ ಸುಮ್ಮನಿರಲಿಲ್ಲ. ಮೂರು ವಾರ ಬಿಟ್ಟು ಅಪ್ಪನನ್ನು ಕರೆದುಕೊಂಡು ಮತ್ತೆ ಅದೇ ಮೆಟ್ಟಿಲು ಹತ್ತಿ ಇಳಿದಳು. ಒಂದು ಸಲ ಇಳಿದು ನೊಂದ ಸ್ನಾಯು ಎರಡನೇ ಸಲಕ್ಕೆ ಅಷ್ಟು ನೋಯುವುದಿಲ್ಲ ಅಂತ ನಾನು ಹೇಳಿದ್ದನ್ನು ಅವಳು ನಂಬಿರಲಿಲ್ಲ. ಸೋಮವಾರ ನೋಟ್‌ಬುಕ್ ತಂದು ತೋರಿಸಿದಳು. ಮೊದಲ ಸಲದ ನೋವಿಗೆ ಹತ್ತಕ್ಕೆ ಎಂಟು ಕೊಟ್ಟಿದ್ದಳು. ಈ ಸಲ ಎರಡು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ: ‘ಅಪ್ಪನಿಗೆ ಒಂಬತ್ತು.’